ತಂತಿಯ ಮೇಲೆ ಹರಿದ ಹುಳು

ಜಪಾನಿನ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಹುಳು ಹಿಡಿಯುವ ಕಾಲ. ಉದ್ದನೆಯ ಕೋಲಿಗೆ ಕಟ್ಟಿದ ಬಲೆ, ಹೆಗಲಿಗೆ ತೂಗುಹಾಕಿದ ಪುಟ್ಟ ಪಂಜರ, ಜೊತೆಗೆ ಇಬ್ಬರೋ ಮೂವರೋ ಗೆಳೆಯರು. ತಲೆಯ ಮೇಲೆ ಕೊಂಬಿರುವ 'ಕಬುತೊಮುಷಿ', ಇಕ್ಕುಳದಂಥ ದವಡೆಯ 'ಕುವಗತ' ಇವೆರಡೂ ಅಲ್ಲಿನ ಹುಡುಗರ ಅಚ್ಚುಮೆಚ್ಚಿನ ದುಂಬಿಗಳು. ಹಿಡಿದದ್ದನ್ನು ಸಾಕುತ್ತಾರೆ, ಗೆಳೆಯನ ದುಂಬಿಯೊಡನೆ ಕಾಳಗಕ್ಕೆ ಬಿಡುತ್ತಾರೆ, ಒಂದೇ ಜಾತಿಯವು ಎರಡಿದ್ದರೆ ಒಂದನ್ನು ಕೊಟ್ಟು ತಮ್ಮಲ್ಲಿಲ್ಲದ ಮತ್ತೊಂದನ್ನು ಪಡೆಯುತ್ತಾರೆ. ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಜೀರ್ಜಿಂಬೆ ಸಾಕಿದ ನಮ್ಮ ಹಳ್ಳಿಗಳವರಿಗೆ ಈ ಸುಖವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಿಡಿಯುವುದು, ಕಾದಾಡಿಸುವುದು, ಬದಲಾಯಿಸಿಕೊಳ್ಳುವುದು. ಈ ಮೂರೇ ಕೆಲಸಗಳನ್ನು ಅಂಗೈಯಗಲದ ಯಂತ್ರದೊಳಗೆ ತುಂಬಿದ ಆಟವೊಂದು 1996ರ ಫೆಬ್ರುವರಿ 27ರಂದು ಜಪಾನಿನ ಅಂಗಡಿಗಳಿಗೆ ಬಂತು. ಅದರ ಹೆಸರು 'ಪಾಕೆಟ್ ಮಾನ್‌ಸ್ಟರ್ಸ್', ಎಂದರೆ ಜೇಬಿನೊಳಗಿನ ವಿಚಿತ್ರ ಜೀವಿಗಳು. ಜಗತ್ತು ಅದನ್ನು ತಿಳಿದದ್ದು 'ಪೊಕೆಮಾನ್' ಎಂಬ ಮೊಟಕು ಹೆಸರಿನಿಂದ. ಮುಂದೆ ಅದು ಟಿವಿ ಧಾರಾವಾಹಿಯಾಯಿತು, ಸಿನಿಮಾ ಆಯಿತು, ಇಸ್ಪೀಟಿನಂಥ ಎಲೆಗಳಾಯಿತು, ಶಾಲಾ ಮಕ್ಕಳ ಚೀಲ, ಪೆನ್ಸಿಲ್ ಡಬ್ಬಿಗಳ ಮೇಲಿನ ಚಿತ್ರವಾಯಿತು. ಹಳದಿ ಬಣ್ಣದ ಪಿಕಾಚುವನ್ನು ಗುರುತಿಸದ ಮಗು ಇಂದು ಪೇಟೆಗಳಲ್ಲಿ ಸಿಗುವುದು ಕಷ್ಟ. ಆದರೆ ಈ ಗದ್ದಲದ ನಡುವೆ ಮೂಲ ಆಟ ಹುಟ್ಟಿದ ಕಥೆ ಮರೆತುಹೋಗುತ್ತದೆ. ಊರ ಅಂಚಿನ ಒಂದು ಕೊಳ ಕಣ್ಮರೆಯಾದ ಕಥೆ ಅದು. ಆ ಕೊಳವನ್ನು ಮರೆಯದ ಒಬ್ಬ ಹುಡುಗನ ಕಥೆಯೂ ಹೌದು.

ಕೊಳವಿದ್ದಲ್ಲಿ ಆಟದಂಗಡಿ

ಸತೋಷಿ ತಜಿರಿ ಹುಟ್ಟಿದ್ದು 1965ರ ಆಗಸ್ಟ್ 28ರಂದು. ಬೆಳೆದದ್ದು ಟೋಕಿಯೊದ ಪಶ್ಚಿಮ ಅಂಚಿನ ಮಚಿದ ಎಂಬ ಊರಿನಲ್ಲಿ. ತಂದೆ ನಿಸಾನ್ ಕಾರು ಮಾರಾಟದ ಕೆಲಸದಲ್ಲಿದ್ದರು. ಆಗ ಮಚಿದದ ಸುತ್ತ ಗದ್ದೆಗಳಿದ್ದವು, ಹೊಳೆ ಕೊಳಗಳಿದ್ದವು, ಕುರುಚಲು ಕಾಡಿತ್ತು. ಹುಡುಗನಿಗೆ ಹುಳುಗಳ ಹುಚ್ಚು. ಓರಗೆಯ ಮಕ್ಕಳು ಅವನಿಗೆ 'ಹುಳು ಡಾಕ್ಟರ್' ಎಂದೇ ಅಡ್ಡಹೆಸರಿಟ್ಟಿದ್ದರು. ದುಂಬಿ ಹಿಡಿಯಲು ಮರದ ತೊಗಟೆಗೆ ಜೇನು ಸವರಿ ಕಾಯುವುದು ಎಲ್ಲರ ಪದ್ಧತಿ. ತಜಿರಿ ಬೇರೆಯೇ ಉಪಾಯ ಕಂಡುಕೊಂಡ. ದುಂಬಿಗಳು ಹಗಲು ಕಲ್ಲಿನಡಿ ಮಲಗುವುದನ್ನು ಗಮನಿಸಿ ಮರದ ಬುಡದಲ್ಲಿ ಕಲ್ಲು ಇಟ್ಟು ಬರುತ್ತಿದ್ದ. ಮರುದಿನ ಬೆಳಿಗ್ಗೆ ಕಲ್ಲೆತ್ತಿದರೆ ಸಾಕು, ಹುಳು ಸಿಗುತ್ತಿತ್ತು.

ಯುದ್ಧಾನಂತರದ ಜಪಾನ್ ಆಗ ನಾಗಾಲೋಟದಲ್ಲಿತ್ತು. ಟೋಕಿಯೊಕ್ಕೆ ಕೆಲಸ ಹುಡುಕಿ ಬಂದ ಲಕ್ಷಾಂತರ ಸಂಸಾರಗಳಿಗೆ ಮನೆ ಬೇಕಿತ್ತು. ತಜಿರಿ ಹುಟ್ಟಿದ ವರ್ಷವೇ, 1965ರಲ್ಲಿ, ಮಚಿದದ ಒಂದು ಭಾಗವನ್ನೂ ಒಳಗೊಂಡ 'ತಾಮಾ ಹೊಸ ನಗರ'ದ ಯೋಜನೆಗೆ ಒಪ್ಪಿಗೆ ದೊರೆಯಿತು. ಗುಡ್ಡಗಳನ್ನು ಸಮ ಮಾಡಿ ಕಟ್ಟಿದ ಆ ಬಡಾವಣೆಗೆ 1971ರಲ್ಲಿ ಮೊದಲ ನಿವಾಸಿಗಳು ಬಂದರು. ಮಚಿದದಲ್ಲೂ ಗದ್ದೆಗಳು ಹೋಗಿ ರಸ್ತೆ ಬಂತು, ಕಾಡು ಹೋಗಿ ಕಟ್ಟಡ ಬಂತು. ಹುಳುಗಳು ವರ್ಷದಿಂದ ವರ್ಷಕ್ಕೆ ದೂರ ಸರಿದವು. ತಜಿರಿ ಬಾಲ್ಯದಲ್ಲಿ ಮೀನು ಹಿಡಿಯುತ್ತಿದ್ದ ಕೊಳವೊಂದಿದ್ದ ಜಾಗದಲ್ಲಿ ಕೊನೆಗೆ ವಿಡಿಯೊ ಆಟದ ಅಂಗಡಿ ಎದ್ದಿತು. ಕೆರೆಯೊಂದು ಬಸ್ ನಿಲ್ದಾಣವಾದುದನ್ನು ಕಂಡ ಬೆಂಗಳೂರಿಗರಿಗೆ ಇದು ಅಪರಿಚಿತ ಸಂಗತಿಯಲ್ಲ.

ಕೊಳ ಹೋಯಿತೆಂದು ದುಃಖಪಟ್ಟ ಹುಡುಗ ಆ ಅಂಗಡಿಯ ಬಾಗಿಲಲ್ಲಿ ನಿಂತು ಅಳಲಿಲ್ಲ, ಒಳಗೆ ಹೋದ. 1978ರಲ್ಲಿ ಟೈಟೊ ಕಂಪೆನಿಯ 'ಸ್ಪೇಸ್ ಇನ್ವೇಡರ್ಸ್' ಜಪಾನನ್ನು ಮರುಳು ಮಾಡಿತ್ತು. ಆಕಾಶದಿಂದ ಸಾಲಾಗಿ ಇಳಿದುಬರುವ ವಿಚಿತ್ರ ಜೀವಿಗಳಿಗೆ ಗುಂಡು ಹೊಡೆಯುವ ಆಟ ಅದು. ಹದಿಹರೆಯದ ತಜಿರಿ ತರಗತಿ ತಪ್ಪಿಸಿ ಆಟದಂಗಡಿಯಲ್ಲಿ ಕೂರತೊಡಗಿದ. ಹುಳುಗಳ ಮೇಲಿದ್ದ ಏಕಾಗ್ರತೆಯೆಲ್ಲ ಯಂತ್ರಗಳ ಕಡೆ ತಿರುಗಿತು. ಮಗ ಕೆಟ್ಟುಹೋದನೆಂದು ತಂದೆ ತಾಯಿಗೆ ಚಿಂತೆ. ಆದರೆ ಹುಡುಗ ಆಟವಾಡಿ ಸುಮ್ಮನಾಗುತ್ತಿರಲಿಲ್ಲ. ಪ್ರತಿ ಆಟದ ಒಳಗುಟ್ಟು ಏನು, ಯಾವ ಹೆಜ್ಜೆಗೆ ಯಾವ ಫಲ ಎಂಬುದನ್ನು ಹುಳುವಿನ ಚಲನವಲನ ಗಮನಿಸಿದಂತೆಯೇ ಗಮನಿಸಿ ಬರೆದಿಡುತ್ತಿದ್ದ.

ಕೈಬರಹದ ಪತ್ರಿಕೆ

1983ರಲ್ಲಿ ಟೋಕಿಯೊದ ತಾಂತ್ರಿಕ ಕಾಲೇಜಿನಲ್ಲಿ ಓದುತ್ತಿದ್ದಾಗ ತಜಿರಿ ಒಂದು ಪತ್ರಿಕೆ ಹೊರಡಿಸಿದ. ಹೆಸರು 'ಗೇಮ್ ಫ್ರೀಕ್', ಎಂದರೆ ಆಟದ ಹುಚ್ಚ. ಕೈಯಲ್ಲಿ ಬರೆದು, ಪ್ರತಿ ತೆಗೆದು, ಪಿನ್ನು ಹೊಡೆದು ಮಾಡಿದ ಹಾಳೆಗಳ ಕಟ್ಟು ಅದು. ಅದರಲ್ಲಿದ್ದುದು ಆಟಗಳನ್ನು ಗೆಲ್ಲುವ ಉಪಾಯಗಳು, ಗುಪ್ತ ದಾರಿಗಳು, ಯಂತ್ರಗಳ ಬಗೆಗಿನ ಮಾಹಿತಿ. 'ಜೆವಿಯಸ್' ಎಂಬ ಆಟದ ರಹಸ್ಯಗಳನ್ನು ಬಿಡಿಸಿ ಹೇಳಿದ ಸಂಚಿಕೆ 10,000ಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆ ಪತ್ರಿಕೆಯನ್ನು ಅಂಗಡಿಯೊಂದರಲ್ಲಿ ಕಂಡು ಮೆಚ್ಚಿ ಹುಡುಕಿಕೊಂಡು ಬಂದವನು ಕೆನ್ ಸುಗಿಮೊರಿ ಎಂಬ ಚಿತ್ರಗಾರ ಯುವಕ. ಆತ ಪತ್ರಿಕೆಗೆ ಚಿತ್ರ ಬರೆಯತೊಡಗಿದ. ಮುಂದೆ ಪೊಕೆಮಾನ್ ಜೀವಿಗಳಿಗೆ ರೂಪ ಕೊಟ್ಟ ಕೈ ಅದೇ.

ಮಾರುಕಟ್ಟೆಗೆ ಬರುವ ಆಟಗಳಲ್ಲಿ ಹೆಚ್ಚಿನವು ಸಪ್ಪೆ ಎಂದು ಇಬ್ಬರಿಗೂ ಅನಿಸುತ್ತಿತ್ತು. ಬೈಯುತ್ತ ಕೂರುವ ಬದಲು ತಾವೇ ಒಂದು ಆಟ ಮಾಡಬಾರದೇಕೆ ಎಂದು ಯೋಚಿಸಿದರು. ನಿಂಟೆಂಡೊ ಕಂಪೆನಿಯ ಮನೆಬಳಕೆಯ ಯಂತ್ರ 'ಫ್ಯಾಮಿಕಾಂ' ಅನ್ನು ಬಿಚ್ಚಿ, ಅದರ ಅಂಗಾಂಗ ಅಭ್ಯಸಿಸಿ, ತಜಿರಿ ಆಟ ರಚಿಸುವ ವಿದ್ಯೆ ಕಲಿತ. 1989ರಲ್ಲಿ 'ಗೇಮ್ ಫ್ರೀಕ್' ಪತ್ರಿಕೆ ಹೋಗಿ 'ಗೇಮ್ ಫ್ರೀಕ್' ಕಂಪೆನಿಯಾಯಿತು. ಅದೇ ವರ್ಷ ಅವರ ಮೊದಲ ಆಟ 'ಕ್ವಿಂಟಿ'ಯನ್ನು ನಾಮ್ಕೊ ಕಂಪೆನಿ ಪ್ರಕಟಿಸಿತು. ಅದಕ್ಕೆ ಸಂಗೀತ ಕೊಟ್ಟ ಜುನಿಚಿ ಮಸುದ ಮುಂದೆ ಪೊಕೆಮಾನ್ ಆಟದ ರಾಗಗಳನ್ನೂ ಹೊಸೆದರು.

ಬಾಡಿದ ತಂತ್ರಜ್ಞಾನ

1989ರಲ್ಲೇ ಇನ್ನೊಂದು ಘಟನೆ ನಡೆಯಿತು. ಏಪ್ರಿಲ್ 21ರಂದು ನಿಂಟೆಂಡೊ 'ಗೇಮ್ ಬಾಯ್' ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರವನ್ನು 12,500 ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಇದರ ಹಿಂದಿದ್ದವರು ಗುನ್‌ಪೆಯ್ ಯೊಕೊಯಿ. ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆ ತಯಾರಿಸಲು ಹುಟ್ಟಿದ ಕಂಪೆನಿ. ಯೊಕೊಯಿ ಅಲ್ಲಿಗೆ 1965ರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳಲು ಸೇರಿ, ಬಿಡುವಿನಲ್ಲಿ ಮಾಡಿದ ಆಟಿಕೆಯೊಂದು ಮಾಲೀಕರ ಕಣ್ಣಿಗೆ ಬಿದ್ದು ಆಟಿಕೆ ರೂಪಿಸುವ ಕೆಲಸಕ್ಕೆ ಬಂದವರು.

ಅವರದೊಂದು ಸಿದ್ಧಾಂತವಿತ್ತು. ಹೊಸದಾಗಿ ಬಂದ ದುಬಾರಿ ತಂತ್ರಜ್ಞಾನದ ಬೆನ್ನು ಹತ್ತಬಾರದು. ಹಳೆಯದಾಗಿ, ಅಗ್ಗವಾಗಿ, ಎಲ್ಲರಿಗೂ ಚೆನ್ನಾಗಿ ಗೊತ್ತಾದ ತಂತ್ರಜ್ಞಾನಕ್ಕೆ ಯಾರೂ ಊಹಿಸದ ಹೊಸ ಉಪಯೋಗ ಹುಡುಕಬೇಕು. 'ಬಾಡಿದ ತಂತ್ರಜ್ಞಾನ' ಎಂಬುದು ಅವರು ಬಳಸಿದ ಮಾತು. ಗೇಮ್ ಬಾಯ್ ಅದರ ಸಾಕ್ಷಾತ್ ಉದಾಹರಣೆ. ಪರದೆಯಲ್ಲಿ ಬಣ್ಣವಿಲ್ಲ, ಪಾಚಿಗಟ್ಟಿದ ನೀರಿನಂಥ ಹಸಿರಿನ ನಾಲ್ಕು ಛಾಯೆಗಳಷ್ಟೆ. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಹಿಂದಿನಿಂದ ಬೆಳಕು ಕೂಡ ಇಲ್ಲ. ಆದರೆ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಮಿಕ್ಕಿ ನಡೆಯುತ್ತಿತ್ತು, ಕೆಳಗೆ ಬಿದ್ದರೂ ಒಡೆಯುತ್ತಿರಲಿಲ್ಲ. ಬಣ್ಣದ ಪರದೆಯೊಂದಿಗೆ ಪೈಪೋಟಿಗೆ ಬಂದ ಅಟಾರಿ ಮತ್ತು ಸೇಗಾ ಕಂಪೆನಿಗಳ ಯಂತ್ರಗಳು ಆರು ಸೆಲ್ ನುಂಗಿಯೂ ಕೆಲವೇ ಗಂಟೆಗಳಲ್ಲಿ ಸುಸ್ತಾದವು.

ಈ ಯಂತ್ರದ ಪಕ್ಕದಲ್ಲಿ ಒಂದು ಪುಟ್ಟ ತೂತು. ಅದಕ್ಕೊಂದು ತಂತಿ ಸಿಕ್ಕಿಸಿದರೆ ಎರಡು ಗೇಮ್ ಬಾಯ್‌ಗಳನ್ನು ಜೋಡಿಸಬಹುದಿತ್ತು. ಇಬ್ಬರು ಎದುರುಬದುರು ಕೂತು 'ಟೆಟ್ರಿಸ್'ನಂಥ ಆಟದಲ್ಲಿ ಸೆಣಸಲಿ ಎಂಬುದು ಉದ್ದೇಶ. ಎಲ್ಲರ ಕಣ್ಣಿಗೂ ಅದು ಸ್ಪರ್ಧೆಯ ತಂತಿಯಾಗಿಯೇ ಕಂಡಿತು.

ತಜಿರಿಗೆ ಮಾತ್ರ ಬೇರೊಂದು ಕಂಡಿತು. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಆ ತಂತಿಯ ಉದ್ದಕ್ಕೂ ಹುಳುವೊಂದು ಹರಿದುಹೋಗುತ್ತಿರುವ ಚಿತ್ರ ಅವರ ಮನಸ್ಸಿಗೆ ಬಂತು. ತಂತಿಯಿಂದ ಜಗಳವನ್ನಷ್ಟೇ ಏಕೆ ಸಾಗಿಸಬೇಕು, ಜೀವಿಯನ್ನೇ ಸಾಗಿಸಬಹುದಲ್ಲ? ಇದಕ್ಕೆ ಪೂರಕವಾದ ಹಳೆಯ ನೆನಪೊಂದೂ ಇತ್ತು. 'ಡ್ರ್ಯಾಗನ್ ಕ್ವೆಸ್ಟ್' ಆಟದ ಎರಡನೆಯ ಭಾಗದಲ್ಲಿ ಅಪರೂಪಕ್ಕೆ ಸಿಗುವ ಮಾಯಾ ಟೋಪಿಯೊಂದಿದೆ. ತಜಿರಿಗೆ ಎಷ್ಟು ಆಡಿದರೂ ಅದು ಸಿಗಲಿಲ್ಲ. ಸುಗಿಮೊರಿಯ ಬಳಿ ಎರಡಿದ್ದವು. ಒಂದನ್ನು ಗೆಳೆಯನಿಗೆ ಕೊಡುವ ಮನಸ್ಸಿದ್ದರೂ ದಾರಿ ಇರಲಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ ಆಡುವ ಇಬ್ಬರು ಬೇರೆ ಬೇರೆ ಲೋಕಗಳಲ್ಲಿದ್ದರು. ದುಂಬಿಯನ್ನಾದರೆ ಕೈಯಿಂದ ಕೈಗೆ ದಾಟಿಸಬಹುದು, ಯಂತ್ರದೊಳಗಿನ ಟೋಪಿಯನ್ನು ದಾಟಿಸುವುದು ಹೇಗೆ? ಉತ್ತರ ಆ ತಂತಿಯಲ್ಲಿತ್ತು.

ಆರು ವರ್ಷದ ಪಾಡು

1990ರಲ್ಲಿ ತಜಿರಿ 'ಕ್ಯಾಪ್ಸೂಲ್ ಮಾನ್‌ಸ್ಟರ್ಸ್' ಎಂಬ ಹೆಸರಿನಲ್ಲಿ ತಮ್ಮ ಕಲ್ಪನೆಯನ್ನು ನಿಂಟೆಂಡೊ ಮುಂದಿಟ್ಟರು. ನಾಣ್ಯ ಹಾಕಿದರೆ ಪ್ಲಾಸ್ಟಿಕ್ ಗುಂಡಿನೊಳಗೆ ಆಟಿಕೆ ಕೊಡುವ ಯಂತ್ರಗಳು ಜಪಾನಿನ ಬೀದಿಗಳಲ್ಲಿ ಸಾಮಾನ್ಯ. ಗುಂಡಿನೊಳಗಿಂದ ದೈತ್ಯ ಜೀವಿಗಳನ್ನು ಹೊರಬಿಡುವ ನಾಯಕ 'ಅಲ್ಟ್ರಾಸೆವೆನ್' ಎಂಬ ಅರವತ್ತರ ದಶಕದ ಟಿವಿ ಧಾರಾವಾಹಿಯಲ್ಲಿದ್ದ. ಇವೆರಡರ ನೆರಳು ಆ ಹೆಸರಿನ ಮೇಲಿದೆ. ಹೆಸರಿನ ಹಕ್ಕು ಸಿಗದೆ ಅದು ಮುಂದೆ 'ಪಾಕೆಟ್ ಮಾನ್‌ಸ್ಟರ್ಸ್' ಆಯಿತು.

ಕೆಲಸ ಬೇಗ ಮುಗಿಯಲಿಲ್ಲ. ಹೊಸಬರ ತಂಡ, ಯಾರೂ ಮಾಡಿರದ ಆಟ. ನಡುನಡುವೆ ಹೊಟ್ಟೆಪಾಡಿಗಾಗಿ ಬೇರೆ ಕಂಪೆನಿಗಳಿಗೆ ಆಟ ಮಾಡಿಕೊಡಬೇಕಾಯಿತು. 1991ರಲ್ಲಿ ನಿಂಟೆಂಡೊಗೆ 'ಯೋಷಿ', 1994ರಲ್ಲಿ ಸೇಗಾ ಯಂತ್ರಕ್ಕೆ 'ಪಲ್ಸ್‌ಮ್ಯಾನ್' ಮಾಡಿದ್ದು ಹೀಗೆ. ಹಣ ಬರಿದಾಗುತ್ತ ಬಂತು. ಸ್ಥಿತಿ ಹೀಗಿದೆ ಎಂದು ತಜಿರಿ ತೆರೆದು ಹೇಳಿದಾಗ ಐವರು ನೌಕರರು ಬಿಟ್ಟುಹೋದರು. ತಜಿರಿ ಸಂಬಳ ತೆಗೆದುಕೊಳ್ಳುವುದನ್ನು ನಿಲ್ಲಿಸಿ ತಂದೆಯ ಆಸರೆಯಲ್ಲಿ ದಿನ ದೂಡಿದರು. ಆಟದಂಗಡಿಯಲ್ಲಿ ಕೂರುವ ಮಗನನ್ನು ಕಂಡು ನೊಂದಿದ್ದ ತಂದೆಯೇ ಆ ಕಷ್ಟಕಾಲದಲ್ಲಿ ಅನ್ನ ಹಾಕಿದರು.

ನೆರವಿಗೆ ಬಂದವರು ತ್ಸುನೆಕಾಜು ಇಶಿಹಾರ. ಅವರು 1995ರಲ್ಲಿ ಸ್ಥಾಪಿಸಿದ 'ಕ್ರೀಚರ್ಸ್' ಸಂಸ್ಥೆ ಹಣ ಹಾಕಿ ಆಟ ಮುಗಿಯಲು ಕಾರಣವಾಯಿತು. ಪ್ರತಿಯಾಗಿ ಹಕ್ಕಿನಲ್ಲಿ ಪಾಲು ಪಡೆಯಿತು. ನಿಂಟೆಂಡೊದ ಪ್ರಸಿದ್ಧ ಆಟ ರಚನಕಾರ ಶಿಗೆರು ಮಿಯಾಮೊಟೊ ಈ ಅವಧಿಯಲ್ಲಿ ತಜಿರಿಗೆ ಗುರುವಿನಂತಿದ್ದರು. ಒಂದೇ ಆಟವನ್ನು ಎರಡು ಬಣ್ಣಗಳಲ್ಲಿ, ಸಣ್ಣ ವ್ಯತ್ಯಾಸಗಳೊಂದಿಗೆ ತರುವ ಸಲಹೆ ಅವರಿಂದಲೇ ಬಂತು. ಹಾಗೆ ಹೊರಬಂದವು 'ಕೆಂಪು' ಮತ್ತು 'ಹಸಿರು'. ಜಪಾನಿ ಮೂಲದಲ್ಲಿ ನಾಯಕ ಬಾಲಕನಿಗೆ ಸೂಚಿಸಿದ ಹೆಸರುಗಳಲ್ಲಿ ಒಂದು ಸತೋಷಿ, ಅವನ ಎದುರಾಳಿಗೆ ಸೂಚಿಸಿದ ಹೆಸರುಗಳಲ್ಲಿ ಒಂದು ಶಿಗೆರು. ಶಿಷ್ಯ ಗುರುವಿಗೆ ಸಲ್ಲಿಸಿದ ತಮಾಷೆಯ ಕಾಣಿಕೆ ಇದು.

ಒಬ್ಬನಿಂದಾಗದ ಆಟ

ಆಟ ಶುರುವಾಗುವುದು ಮಸಾರ ಎಂಬ ಪುಟ್ಟ ಊರಿನ ಮನೆಯೊಂದರಲ್ಲಿ. ಕೆಳಗಿನ ಕೋಣೆಯ ಟಿವಿಯಲ್ಲಿ ನಾಲ್ವರು ಹುಡುಗರು ರೈಲು ಹಳಿಯ ಮೇಲೆ ನಡೆದುಹೋಗುವ ಸಿನಿಮಾ ಬರುತ್ತಿರುತ್ತದೆ. ಬಾಲಕನೂ ಮನೆ ಬಿಟ್ಟು ಹೊರಡುತ್ತಾನೆ. ಊರಿನ ಪ್ರಾಧ್ಯಾಪಕರು ಮೂರು ಜೀವಿಗಳನ್ನು ತೋರಿಸಿ ಒಂದನ್ನು ಆರಿಸಿಕೊ ಎನ್ನುತ್ತಾರೆ. ಒಂದು ಬೆಂಕಿಯದು, ಒಂದು ನೀರಿನದು, ಒಂದು ಹಸಿರು ಗಿಡದ ಗುಣದ್ದು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಗಿಡವನ್ನು ಸುಡುತ್ತದೆ, ಗಿಡ ನೀರನ್ನು ಹೀರುತ್ತದೆ. ಕಲ್ಲು, ಕತ್ತರಿ, ಕಾಗದದ ಆಟದಂತೆ ಯಾರೂ ಯಾರಿಗೂ ಸದಾಕಾಲ ಮೇಲಲ್ಲ.

ಎತ್ತರದ ಹುಲ್ಲಿನಲ್ಲಿ ಕಾಲಿಟ್ಟರೆ ಜೀವಿಗಳು ಎದುರಾಗುತ್ತವೆ. ಅವುಗಳನ್ನು ದಣಿಸಿ, ಚೆಂಡೆಸೆದು ಹಿಡಿಯಬೇಕು. ಗುಹೆಗಳಿವೆ, ಕಾಡುಗಳಿವೆ. ದಡದಲ್ಲಿ ಗಾಳ ಹಾಕಿ ಕೂರಬಹುದಾದ ನೀರಿನ ತಾಣಗಳೂ ಇವೆ. ಮಚಿದದಲ್ಲಿ ಮುಚ್ಚಿಹೋದ ಕೊಳ ಹೀಗೆ ಮರಳಿ ಬಂತು. ಊರುಗಳ ಹೆಸರೆಲ್ಲ ಬಣ್ಣಗಳವು. ಅವುಗಳಲ್ಲೊಂದು ದೊಡ್ಡ ಪಟ್ಟಣದ ಹೆಸರು ತಮಮುಷಿ. ಅದು ಹೊಳೆಯುವ ರೆಕ್ಕೆಯ ದುಂಬಿಯೊಂದರ ಹೆಸರು, ನಮ್ಮ ಜೀರ್ಜಿಂಬೆಯ ಹತ್ತಿರದ ನೆಂಟ. ಆ ಪಟ್ಟಣದಲ್ಲೊಂದು ಆಟದಂಗಡಿಯೂ ಇದೆ.

ಕಾಳಗದಲ್ಲಿ ಸೋತ ಜೀವಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಇದನ್ನು ತಜಿರಿ ಬಹಳ ಎಚ್ಚರದಿಂದ ಇಟ್ಟುಕೊಂಡರು. ಸಾವೇ ಇಲ್ಲವೆಂದಲ್ಲ. ಸತ್ತ ಪೊಕೆಮಾನ್‌ಗಳ ಸಮಾಧಿ ಗೋಪುರವಿರುವ ಊರೊಂದು ಆಟದಲ್ಲಿದೆ, ಅಲ್ಲಿ ಜನ ತಮ್ಮ ಪ್ರಾಣಿಗಳಿಗಾಗಿ ಕಣ್ಣೀರಿಡುತ್ತಾರೆ. ಆದರೆ ಆಡುವ ಮಗುವಿನ ಕೈಯಿಂದ ಕೊಲೆ ನಡೆಯುವುದಿಲ್ಲ.

ಆಟದ ನಿಜವಾದ ಜಾಣ್ಮೆ ಇರುವುದು ಮುಂದಿನ ಕಟ್ಟುಪಾಡಿನಲ್ಲಿ. ಪ್ರಾಧ್ಯಾಪಕರ ಪುಸ್ತಕ ತುಂಬಲು 150 ಜೀವಿಗಳು ಬೇಕು. ಒಬ್ಬನೇ ಎಷ್ಟು ಆಡಿದರೂ ಅದು ತುಂಬುವುದಿಲ್ಲ. ಕೆಂಪಿನಲ್ಲಿ ಸಿಗುವ ಕೆಲವು ಹಸಿರಿನಲ್ಲಿಲ್ಲ, ಹಸಿರಿನವು ಕೆಂಪಿನಲ್ಲಿಲ್ಲ. ಮೊದಲು ಆರಿಸಿಕೊಂಡದ್ದು ಒಂದನ್ನು ಮಾತ್ರ, ಉಳಿದೆರಡು ಬೇರೆಯವರ ಬಳಿ. ಇನ್ನು ನಾಲ್ಕು ಜಾತಿಗಳು ತಂತಿಯ ಮೂಲಕ ಇನ್ನೊಬ್ಬರ ಯಂತ್ರಕ್ಕೆ ಹೋದಾಗಲಷ್ಟೇ ಕೊನೆಯ ರೂಪಕ್ಕೆ ಬೆಳೆಯುತ್ತವೆ. ಎಂದರೆ ಅವುಗಳ ಬೆಳವಣಿಗೆ ಪೂರ್ತಿಯಾಗಬೇಕಾದರೆ ಮಾಲೀಕ ಅವನ್ನು ಕೈಬಿಡಬೇಕು. ಮರಳಿ ಕೊಡುವನೋ ಇಲ್ಲವೋ ಎಂದು ಗೆಳೆಯನನ್ನು ನಂಬಬೇಕು. ಬೇರೆಯವರಿಂದ ಬಂದ ಜೀವಿಯ ಮೇಲೆ ಮೊದಲ ಒಡೆಯನ ಹೆಸರು ಹಾಗೇ ಉಳಿಯುತ್ತದೆ. ಅದು ಹೊಸ ಮನೆಯಲ್ಲಿ ಬೇಗ ಬಲಿಯುತ್ತದೆ. ಆದರೆ ಹೊಸ ಒಡೆಯ ಸಾಕಷ್ಟು ಪದಕ ಗಳಿಸದಿದ್ದರೆ ಹೇಳಿದ ಮಾತು ಕೇಳುವುದಿಲ್ಲ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ ಲಾಭ, ನಷ್ಟ, ಮರ್ಯಾದೆ ಎಲ್ಲವೂ ಈ ಕಟ್ಟುಪಾಡುಗಳಲ್ಲಿ ಅಡಗಿವೆ.

ಇಷ್ಟೆಲ್ಲವನ್ನೂ ಅಡಕಗೊಳಿಸಿದ್ದು ಕೇವಲ 512 ಕಿಲೋಬೈಟ್ ಜಾಗದಲ್ಲಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊಗೆ ಇದಕ್ಕಿಂತ ಹಲವು ಪಟ್ಟು ಜಾಗ ಬೇಕು.

ಮುನ್ನೂರು ಬೈಟಿನ ಗುಟ್ಟು

ಆಟ ಬಿಡುಗಡೆಯಾದಾಗ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ಸೋನಿಯ ಪ್ಲೇಸ್ಟೇಷನ್ 1994ರಲ್ಲೇ ಬಂದಿತ್ತು. ನಿಂಟೆಂಡೊದ ಹೊಸ ಯಂತ್ರ ಅದೇ 1996ರ ಜೂನ್‌ನಲ್ಲಿ ಬರುವುದಿತ್ತು. ಏಳು ವರ್ಷ ಹಳೆಯದಾದ, ಬಣ್ಣವಿಲ್ಲದ ಗೇಮ್ ಬಾಯ್‌ಗೆ ಮುಪ್ಪು ಬಂದಿದೆ ಎಂದೇ ಎಲ್ಲರ ಲೆಕ್ಕಾಚಾರ. ಆದರೆ ಆ ಮುಪ್ಪೇ ವರವಾಯಿತು. ಯಂತ್ರ ಹಳೆಯದಾದ್ದರಿಂದಲೇ ಅದು ಮನೆಮನೆಯಲ್ಲಿತ್ತು. ಅಣ್ಣನಿಂದ ತಮ್ಮನ ಕೈಗೆ ಬಂದಿತ್ತು. ಗೆಳೆಯರ ಗುಂಪಿನಲ್ಲಿ ಪ್ರತಿಯೊಬ್ಬರ ಬಳಿಯೂ ಯಂತ್ರವಿದ್ದರೆ ಮಾತ್ರ ತಂತಿಗೆ ಅರ್ಥ. ದುಬಾರಿ ಹೊಸ ಯಂತ್ರದಲ್ಲಿ ಈ ಆಟ ಇಷ್ಟು ಹರಡುತ್ತಿತ್ತೇ ಎಂಬುದು ಅನುಮಾನ.

ಇದರ ಜೊತೆಗೆ ಒಂದು ಗುಟ್ಟು ಕೆಲಸ ಮಾಡಿತು. ಆಟದ ದೋಷ ಹುಡುಕುವ ಸಾಧನಗಳನ್ನು ಕೊನೆಯಲ್ಲಿ ತೆಗೆದಾಗ 300 ಬೈಟಿನಷ್ಟು ಜಾಗ ಉಳಿಯಿತು. ತಂಡದ ಶಿಗೆಕಿ ಮೊರಿಮೊಟೊ ತಮಾಷೆಗೆಂದು ಅಲ್ಲಿ 'ಮ್ಯೂ' ಎಂಬ 151ನೆಯ ಜೀವಿಯನ್ನು ಸೇರಿಸಿಬಿಟ್ಟರು. ಸಾಮಾನ್ಯ ದಾರಿಯಲ್ಲಿ ಆಡಿದರೆ ಅದು ಸಿಗುವಂತಿರಲಿಲ್ಲ. ಆದರೆ ಆಟದಲ್ಲಿದ್ದ ಚಿಕ್ಕ ದೋಷಗಳಿಂದಾಗಿ ಕೆಲವು ಮಕ್ಕಳಿಗೆ ಅದು ಕಾಣಿಸಿಕೊಂಡಿತು. ಅಷ್ಟೇ ಸಾಕಾಯಿತು. ಶಾಲೆಯಂಗಳದಲ್ಲಿ ಪಿಸುಮಾತು ಹರಡಿತು. 1996ರ ಏಪ್ರಿಲ್ 15ರಂದು 'ಕೊರೊಕೊರೊ' ಎಂಬ ಮಕ್ಕಳ ಮಾಸಪತ್ರಿಕೆ 20 ಓದುಗರಿಗೆ ಮ್ಯೂ ಕೊಡುವುದಾಗಿ ಸಾರಿತು. ಬಂದ ಅರ್ಜಿಗಳು 78,000. ಆ ಬಳಿಕ ಆಟದ ಮಾರಾಟ ಇಳಿಯುವ ಬದಲು ಏರತೊಡಗಿತು.

ಕಂಪೆನಿಯ ಜಾಹೀರಾತಿಗಿಂತ ಮಕ್ಕಳ ಬಾಯಿಮಾತು ದೊಡ್ಡದಾಯಿತು. ಬಂದರಿನಲ್ಲಿ ನಿಂತ ಲಾರಿಯ ಕೆಳಗೆ ಮ್ಯೂ ಅಡಗಿದೆ ಎಂಬ ಸುಳ್ಳು ಸುದ್ದಿ ಮುಂದೆ ವಿದೇಶಗಳಲ್ಲೂ ವರ್ಷಗಟ್ಟಲೆ ಓಡಾಡಿತು. ಆ ಲಾರಿಯನ್ನು ಸರಿಸಲು ಎಷ್ಟು ಮಕ್ಕಳು ಎಷ್ಟು ಹೊತ್ತು ಗುಂಡಿ ಒತ್ತಿದರೋ ದೇವರೇ ಬಲ್ಲ.

ಕೀರ್ತಿ, ಅಪಕೀರ್ತಿ

1997ರ ಏಪ್ರಿಲ್ 1ರಂದು ಟಿವಿಯಲ್ಲಿ ಪೊಕೆಮಾನ್ ಧಾರಾವಾಹಿ ಆರಂಭವಾಯಿತು. ಆಟದಲ್ಲಿ ನೂರೈವತ್ತರಲ್ಲೊಂದಾಗಿದ್ದ ಪಿಕಾಚು ಅಲ್ಲಿ ನಾಯಕನ ಒಡನಾಡಿಯಾಯಿತು. ಅದಕ್ಕೆ ಮೊದಲು ರೂಪ ಕೊಟ್ಟವರು ಅತ್ಸುಕೊ ನಿಶಿದ ಎಂಬ ಚಿತ್ರಗಾರ್ತಿ. ಅದೇ ವರ್ಷ ಡಿಸೆಂಬರ್ 16ರಂದು ಪ್ರಸಾರವಾದ ಕಂತಿನಲ್ಲಿ ಕೆಂಪು ನೀಲಿ ಬೆಳಕು ರಭಸವಾಗಿ ಮಿನುಗುವ ದೃಶ್ಯವೊಂದಿತ್ತು. ಅದನ್ನು ನೋಡುತ್ತಿದ್ದ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಸೆಳವು ಕಾಣಿಸಿಕೊಂಡು 685 ಮಂದಿಯನ್ನು ಆಸ್ಪತ್ರೆಗಳಿಗೆ ಒಯ್ಯಲಾಯಿತು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು. ಆ ಕಂತು ಮತ್ತೆಂದೂ ಪ್ರಸಾರವಾಗಲಿಲ್ಲ. ಜಪಾನಿನ ಟಿವಿ ಸಂಸ್ಥೆಗಳು ಮಿನುಗು ಬೆಳಕಿನ ಬಳಕೆಗೆ ನಿಯಮಗಳನ್ನು ರೂಪಿಸಿಕೊಂಡವು.

ಆಟ 1998ರ ಸೆಪ್ಟೆಂಬರ್ 28ರಂದು ಅಮೆರಿಕಕ್ಕೆ ಹೋಯಿತು. ಅದರ ವಿದೇಶಿ ರೂಪಕ್ಕೆ ನೆರವಾದವರಲ್ಲಿ ಮುಂದೆ ನಿಂಟೆಂಡೊ ಅಧ್ಯಕ್ಷರಾದ ಸತೊರು ಇವಾಟ ಒಬ್ಬರು. ಜಪಾನಿನಲ್ಲಿ ಒಂದು ಕೋಟಿಗೂ ಹೆಚ್ಚು, ಒಟ್ಟು ಜಗತ್ತಿನಲ್ಲಿ ಮೂರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಮುಪ್ಪಾಗಿದ್ದ ಗೇಮ್ ಬಾಯ್‌ಗೆ ಮರುಜನ್ಮ ಬಂತು. ಅದನ್ನು ಸೃಷ್ಟಿಸಿದ ಯೊಕೊಯಿ ಈ ವಿಶ್ವವಿಜಯವನ್ನು ನೋಡಲಿಲ್ಲ. 1996ರಲ್ಲಿ ನಿಂಟೆಂಡೊ ಬಿಟ್ಟಿದ್ದ ಅವರು 1997ರ ಅಕ್ಟೋಬರ್ 4ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಟೀಕೆಗಳೂ ಬಂದವು. ಒಂದೇ ಆಟವನ್ನು ಎರಡು ಬಣ್ಣದಲ್ಲಿ ಮಾರುವುದು ಗೆಳೆತನಕ್ಕೋ ಗಲ್ಲಾಪೆಟ್ಟಿಗೆಗೋ ಎಂದು ಕೇಳಿದವರಿದ್ದಾರೆ. ಪೊಕೆಮಾನ್ ಎಲೆಗಳಿಗಾಗಿ ಮಕ್ಕಳು ಕಿತ್ತಾಡುತ್ತಾರೆಂದು ಅಮೆರಿಕದ ಹಲವು ಶಾಲೆಗಳು ಅವನ್ನು ನಿಷೇಧಿಸಿದವು. ಎಲ್ಲವನ್ನೂ ಹಿಡಿಯಲೇಬೇಕು ಎಂಬ ಅಲ್ಲಿನ ಘೋಷಣೆಯಲ್ಲಿ ಹುಳು ನೋಡುವ ಬೆರಗಿಗಿಂತ ಕೊಳ್ಳುವ ಹಸಿವೇ ಹೆಚ್ಚೆಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಬೆಳೆದ ಮೇಲೆ ಯಾವ ಮಗುವೂ ತಾಯಿಯ ಮಡಿಲಲ್ಲೇ ಉಳಿಯುವುದಿಲ್ಲ, ಆಟವೂ ಅಷ್ಟೆ. ಆದರೂ ಒಂದು ಮಾತು ಉಳಿಯುತ್ತದೆ. ಇಂದು ಜೀವಿಗಳ ಸಂಖ್ಯೆ ಸಾವಿರ ದಾಟಿದೆ, ತಂತಿ ಹೋಗಿ ಅಂತರ್ಜಾಲ ಬಂದಿದೆ. ಮುಖ್ಯ ಸರಣಿಯ ಹೊಸ ಆಟಗಳು ಮಾತ್ರ ಬಹುಮಟ್ಟಿಗೆ ಜೋಡಿಯಾಗಿಯೇ ಬರುತ್ತವೆ. ಇನ್ನೊಬ್ಬರ ನೆರವು ಬೇಕೆಂಬ ಮೊದಲ ನಿಯಮ ಸಡಿಲವಾಗಿಲ್ಲ.

ಮರಳಿ ಬಯಲಿಗೆ

ಭಾರತದ ಮಕ್ಕಳಿಗೆ ಪೊಕೆಮಾನ್ ಪರಿಚಯವಾದದ್ದು ಬಹುಪಾಲು ಟಿವಿಯ ಮೂಲಕ. ಇಲ್ಲಿ ಕೈಯಲ್ಲಿ ಗೇಮ್ ಬಾಯ್ ಹಿಡಿದಿದ್ದ ಮಕ್ಕಳು ಕಡಿಮೆ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಧಾರಾವಾಹಿ ಬಂದಾಗ ಮನೆಮನೆಯಲ್ಲಿ ಪಿಕಾಚು ಹೆಸರು ಕೇಳಿಸಿತು. ಆ ಪೀಳಿಗೆ ಬೆಳೆದು ಕೆಲಸಕ್ಕೆ ಸೇರುವ ಹೊತ್ತಿಗೆ, 2016ರ ಜುಲೈನಲ್ಲಿ, 'ಪೊಕೆಮಾನ್ ಗೋ' ಎಂಬ ಫೋನಿನ ಆಟ ಹೊರಬಂತು. ಅದರಲ್ಲಿ ಜೀವಿಗಳು ಸಿಗಬೇಕಾದರೆ ಮನೆ ಬಿಟ್ಟು ನಿಜವಾದ ಬೀದಿಗಳಲ್ಲಿ ನಡೆಯಬೇಕು. ಭಾರತದಲ್ಲಿ ಅದು ಅಧಿಕೃತವಾಗಿ ಬಿಡುಗಡೆಯಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲೇ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಫೋನು ಹಿಡಿದು ಮರದಿಂದ ಮರಕ್ಕೆ ಅಲೆಯುವ ಯುವಕ ಯುವತಿಯರು ಕಾಣಿಸಿಕೊಂಡಿದ್ದರು. ಪರಿಚಯವಿಲ್ಲದವರು ನಿಂತು ಮಾತಾಡಿದರು. ಬಯಲು ಕಳೆದುಕೊಂಡ ಹುಡುಗ ಯಂತ್ರದೊಳಗೆ ಕಟ್ಟಿದ ಬಯಲು ಇಪ್ಪತ್ತು ವರ್ಷಗಳ ನಂತರ ಜನರನ್ನು ಮತ್ತೆ ಬಯಲಿಗೆ ಕರೆತಂದಿತ್ತು.

ನಗರಗಳಲ್ಲಿ ಬೆಳೆಯುವ ಮಕ್ಕಳಿಗೆ ತಾನು ಪಟ್ಟ ಸುಖದ ಒಂದಂಶವನ್ನಾದರೂ ದಾಟಿಸಬೇಕೆಂಬುದು ತಜಿರಿಯ ಆಸೆಯಾಗಿತ್ತು. ಅದು ಎಷ್ಟರ ಮಟ್ಟಿಗೆ ಈಡೇರಿತೆಂದು ಹೇಳುವುದು ಸುಲಭವಲ್ಲ. ಪರದೆಯ ಮೇಲಿನ ಹುಳುವಿಗೆ ವಾಸನೆಯಿಲ್ಲ, ಅದು ಕೈಯಲ್ಲಿ ಹರಿದಾಡಿ ಕಚಗುಳಿ ಇಡುವುದಿಲ್ಲ. ಆದರೆ ನನ್ನಲ್ಲಿಲ್ಲದ್ದು ನಿನ್ನಲ್ಲಿದೆ ಎಂದು ಒಬ್ಬ ಹುಡುಗ ಇನ್ನೊಬ್ಬನ ಪಕ್ಕ ಬಂದು ಕೂರುವ ಸುಖವನ್ನು ಆ ತಂತಿ ನಿಜವಾಗಿಯೂ ದಾಟಿಸಿತು.

2020ರಲ್ಲಿ ಮಚಿದದ ಸೆರಿಗಾಯ ಉದ್ಯಾನದಲ್ಲಿ ಪೊಕೆಮಾನ್ ಚಿತ್ರಗಳಿರುವ ಬಣ್ಣದ ಮ್ಯಾನ್‌ಹೋಲ್ ಮುಚ್ಚಳಗಳನ್ನು ಹಾಕಲಾಯಿತು. ಟೋಕಿಯೊದಲ್ಲಿ ಅಂಥವು ಮೊದಲು ಬಂದದ್ದು ಅಲ್ಲಿಯೇ. ದೂರದೂರದಿಂದ ಮಕ್ಕಳು ಬಂದು ಬಗ್ಗಿ ನೋಡುತ್ತಾರೆ. ಕಲ್ಲೆತ್ತಿ ಹುಳು ಹುಡುಕಿದ ಹುಡುಗನೊಬ್ಬ ಆ ಊರಿನಲ್ಲಿ ಹೀಗೆಯೇ ನೆಲದ ಕಡೆ ಬಗ್ಗಿ ನಡೆಯುತ್ತಿದ್ದ.